ವಾಹನದ ದಿಕ್ಸೂಚಕ ದೀಪ: ದೋಷ ಪತ್ತೆ ಮತ್ತು ಪರಿಹಾರ ಕ್ರಮಗಳು

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳ ಹಾಗೂ ಸುತ್ತಲಿನ ಗ್ರಾಮಗಳು ಎರೆಭೂಮಿಯ ಪ್ರದೇಶದಲ್ಲಿವೆ. ಮಳೆಗಾಲದಲ್ಲಿ ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಬರುವ ಕಾರು, ಜೀಪು ಮತ್ತು ಟ್ರ್ಯಾಕ್ಟರುಗಳ ದೀಪಗಳಿಗೆ ಜಿಗುಟು ಮಣ್ಣು ಮೆತ್ತಿಕೊಳ್ಳುತ್ತದೆ. ತೇವದಿಂದ ಬಲ್ಬಿನ ಹೋಲ್ಡರು ಮತ್ತು ತಂತಿಯ ಜೋಡಣೆಗಳು ತುಕ್ಕು ಹಿಡಿಯುತ್ತವೆ. ಇಂತಹ ಸಂದರ್ಭಗಳಲ್ಲಿ ದಿಕ್ಸೂಚಕ ದೀಪದ ದೋಷವನ್ನು ಗುರುತಿಸುವ ಕ್ರಮವನ್ನು ವಾಹನ ಮಾಲೀಕರ ಹಾಗೂ ಚಾಲಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಮಹತ್ವ

ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಂಚರಿಸುತ್ತವೆ. ಆದ್ದರಿಂದ ಮುಖ್ಯ ರಸ್ತೆಯಿಂದ ಊರಿನ ದಾರಿಗೆ ಬಲಕ್ಕೆ ತಿರುಗುವ ವಾಹನವು ಎದುರಿನಿಂದ ಬರುವವರ ಹಾದಿಯನ್ನೂ, ಬಲಬದಿಯಿಂದ ಹಿಂದಿಕ್ಕಲು ಬರುವವರ ಹಾದಿಯನ್ನೂ ಅಡ್ಡಗಟ್ಟುತ್ತದೆ. ಹಿಂದಿನ ಬಲಬದಿಯ ಒಂದು ಬಲ್ಬು ಉರಿಯದಿದ್ದರೂ ಹಿಂದಿರುವವರಿಗೆ ಈ ತಿರುವಿನ ಸೂಚನೆ ದೊರೆಯುವುದಿಲ್ಲ.

ನಿಯಮ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 102ರ ಪ್ರಕಾರ ದಿಕ್ಸೂಚಕ ದೀಪವು ಹಳದಿಗೆಂಪು ಬಣ್ಣದ್ದಾಗಿದ್ದು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗತಕ್ಕದ್ದು. ಗಡಿಯಾರ ನೋಡಿ 15 ಸೆಕೆಂಡುಗಳಲ್ಲಿ 15ರಿಂದ 30 ಬಾರಿ ಮಿನುಗುವುದನ್ನು ಎಣಿಸಿ ಇದನ್ನು ಪರೀಕ್ಷಿಸಬಹುದು.

ಪರಿಶೀಲನಾ ಕ್ರಮ

ವಾಹನವನ್ನು ರಸ್ತೆಯಿಂದ ದೂರ ನಿಲ್ಲಿಸಿ, ಎಲ್ಲ ದೀಪಗಳ ಗಾಜನ್ನು ಮೊದಲು ಒರೆಸಬೇಕು. ನಂತರ ಎಡ, ಬಲ ಹಾಗೂ ನಾಲ್ಕೂ ದೀಪಗಳು ಒಟ್ಟಿಗೆ ಮಿನುಗುವ ಅಪಾಯ ಸೂಚಕದ ಸ್ವಿಚ್ಚನ್ನು ಒಂದೊಂದಾಗಿ ಹಾಕಿ, ಇನ್ನೊಬ್ಬರ ನೆರವಿನಿಂದ ಮುಂದೆ ಹಿಂದೆ ನೋಡಬೇಕು. ಕಂಡುಬರುವ ಲಕ್ಷಣವೇ ದೋಷದ ಸ್ಥಾನವನ್ನು ತಿಳಿಸುತ್ತದೆ.

1. ಒಂದು ಬದಿ ಮಾತ್ರ ಅತಿ ವೇಗವಾಗಿ ಮಿನುಗುವುದು: ಆ ಬದಿಯ ಒಂದು ಬಲ್ಬು ಸುಟ್ಟಿದೆ ಅಥವಾ ಹೋಲ್ಡರಿನಲ್ಲಿ ಸಡಿಲವಾಗಿದೆ. ಹಳೆಯ ಉಷ್ಣಚಾಲಿತ ರಿಲೇ ಇರುವ ವಾಹನಗಳಲ್ಲಿ ಇದೇ ದೋಷದಿಂದ ದೀಪ ಮಿನುಗದೆ ಸ್ಥಿರವಾಗಿ ಉರಿಯಬಹುದು. ಬಲ್ಬು ಬದಲಿಸುವಾಗ ಹಳೆಯದರಷ್ಟೇ ವೋಲ್ಟ್ ಮತ್ತು ವ್ಯಾಟ್ ಇರುವುದನ್ನೇ ಹಾಕಬೇಕು. ಸಾಮಾನ್ಯವಾಗಿ ಕಾರುಗಳಲ್ಲಿ 12 ವೋಲ್ಟ್, 21 ವ್ಯಾಟ್ ಬಲ್ಬು ಇರುತ್ತದೆ.

2. ಎರಡೂ ಬದಿ ಉರಿಯದೆ, ಅಪಾಯ ಸೂಚಕ ಮಾತ್ರ ಕೆಲಸ ಮಾಡುವುದು: ಬಲ್ಬುಗಳು ಸರಿಯಾಗಿವೆ. ದಿಕ್ಸೂಚಕದ ಫ್ಯೂಸ್ ಅಥವಾ ಸ್ಟೇರಿಂಗ್ ಬಳಿಯ ಸ್ವಿಚ್ಚನ್ನು ಪರೀಕ್ಷಿಸಬೇಕು.

3. ಯಾವುದೂ ಉರಿಯದಿರುವುದು: ಫ್ಯೂಸ್ ಸರಿಯಾಗಿದ್ದರೆ ಮಿನುಗು ರಿಲೇ ಕೆಟ್ಟಿರುವ ಸಂಭವ ಹೆಚ್ಚು. ಇತ್ತೀಚಿನ ಅನೇಕ ಕಾರುಗಳಲ್ಲಿ ಪ್ರತ್ಯೇಕ ರಿಲೇ ಇರದೆ ಗಣಕ ನಿಯಂತ್ರಣ ಘಟಕವೇ ಈ ಕೆಲಸ ಮಾಡುವುದರಿಂದ, ಅಂತಹವನ್ನು ಪರಿಣತ ಮೆಕ್ಯಾನಿಕ್‌ಗೆ ತೋರಿಸಬೇಕು.

4. ದೀಪ ಮಂದವಾಗುವುದು, ಅಥವಾ ಬ್ರೇಕ್ ಒತ್ತಿದಾಗ ದಿಕ್ಸೂಚಕವೂ ಬೆಳಗುವುದು: ಅರ್ಥಿಂಗ್ ದೋಷ. ಹಿಂದಿನ ದೀಪದ ಅರ್ಥಿಂಗ್ ತಂತಿಯು ವಾಹನದ ಕವಚಕ್ಕೆ ಸೇರುವಲ್ಲಿನ ತುಕ್ಕನ್ನು ಮರಳು ಕಾಗದದಿಂದ ತೆಗೆದು ಸ್ಕ್ರೂ ಬಿಗಿಗೊಳಿಸಬೇಕು.

5. ಎಲ್‌ಇಡಿ ಬಲ್ಬು ಹಾಕಿದ ನಂತರ ವೇಗ ಹೆಚ್ಚುವುದು: ಎಲ್‌ಇಡಿ ಎಳೆಯುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ರಿಲೇ ಅದನ್ನು ಸುಟ್ಟ ಬಲ್ಬೆಂದು ಗ್ರಹಿಸುತ್ತದೆ. ಮೂಲ ಬಲ್ಬನ್ನೇ ಮರಳಿ ಹಾಕುವುದು ಸರಳ ಪರಿಹಾರ.

6. ತಿರುವು ಮುಗಿದ ಮೇಲೂ ಸ್ವಿಚ್ಚು ತಾನಾಗಿ ಹಿಂದಿರುಗದಿರುವುದು: ಸ್ಟೇರಿಂಗ್ ಒಳಗಿನ ಭಾಗ ಸವೆದಿದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇದನ್ನು ಸ್ವತಃ ಬಿಚ್ಚಬಾರದು.

ಫ್ಯೂಸ್ ಬಗ್ಗೆ ಎಚ್ಚರಿಕೆ

ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿಯ ತುಂಡು, ಬೆಳ್ಳಿ ಕಾಗದ ಅಥವಾ ಹೆಚ್ಚಿನ ಆಂಪಿಯರ್ ಫ್ಯೂಸ್ ಹಾಕಬಾರದು. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ತಂತಿಯ ಹೊದಿಕೆ ಹರಿದಿದೆ ಎಂದು ತಿಳಿಯಬೇಕು. ಅದನ್ನು ಸರಿಪಡಿಸದಿದ್ದರೆ ಬೆಂಕಿ ಹೊತ್ತುವ ಅಪಾಯವಿದೆ.

ಟ್ರ್ಯಾಕ್ಟರ್ ಟ್ರೇಲರುಗಳು

ಟ್ರೇಲರ್ ಜೋಡಿಸಿದಾಗ ಟ್ರ್ಯಾಕ್ಟರಿನ ಹಿಂದಿನ ದೀಪಗಳು ಮರೆಯಾಗುತ್ತವೆ. ಹೀಗಾಗಿ ಟ್ರೇಲರಿನ ದೀಪಗಳನ್ನು ಪ್ರತಿ ಪ್ರಯಾಣಕ್ಕೆ ಮೊದಲು ಪರೀಕ್ಷಿಸಬೇಕು. ಟ್ರೇಲರಿನ ದೀಪ ಮಾತ್ರ ಉರಿಯದಿದ್ದರೆ ಜೋಡಣೆಯ ಸಾಕೆಟ್ಟಿನಲ್ಲಿ ಮಣ್ಣು ಅಥವಾ ತುಕ್ಕು ಇದೆಯೇ ಎಂದು ಮೊದಲು ನೋಡಬೇಕು. ಹತ್ತಿ, ಮೇವು ಅಥವಾ ಹೊಟ್ಟಿನ ಹೇರು ದೀಪಗಳನ್ನು ಮುಚ್ಚದಂತೆ ಕಟ್ಟಬೇಕು.

ದಾರಿಯಲ್ಲಿ ದೋಷ ಕಂಡುಬಂದಲ್ಲಿ

ಹಗಲಿನಲ್ಲಿ ಕೈಸನ್ನೆ ಬಳಸಬೇಕು. ಬಲಕ್ಕೆ ತಿರುಗುವಾಗ ಅಂಗೈ ಮುಂದಕ್ಕಿರುವಂತೆ ಬಲಗೈಯನ್ನು ಹೊರಗೆ ಅಡ್ಡಲಾಗಿ ಚಾಚಬೇಕು. ಎಡಕ್ಕೆ ತಿರುಗುವಾಗ ಬಲಗೈಯನ್ನು ಚಾಚಿ ಅಪ್ರದಕ್ಷಿಣವಾಗಿ ತಿರುಗಿಸಬೇಕು. ರಾತ್ರಿ ವೇಳೆ ಕೈಸನ್ನೆ ಕಾಣುವುದಿಲ್ಲ. ಎತ್ತರದ ಹೇರಿರುವ ಟ್ರೇಲರಿನ ಹಿಂದಿರುವವರಿಗೆ ಅದು ಹಗಲಿನಲ್ಲಿಯೂ ಕಾಣುವುದಿಲ್ಲ. ಅಂತಹ ಸಂದರ್ಭದಲ್ಲಿ ದೋಷ ಸರಿಪಡಿಸಿದ ನಂತರವೇ ಪ್ರಯಾಣ ಮುಂದುವರಿಸುವುದು ಸೂಕ್ತ. ಅಪಾಯ ಸೂಚಕವನ್ನು ಹಾಕಿಕೊಂಡು ತಿರುಗಬಾರದು, ಏಕೆಂದರೆ ಅದು ಯಾವ ದಿಕ್ಕನ್ನೂ ತೋರಿಸುವುದಿಲ್ಲ.