ಐರೀನ್ ಯಾರ ಮಗಳು?

ನನ್ನ ಅಮ್ಮನ ಮದುವೆಗೆಂದು ಅಜ್ಜಿ ಒಂದು ಹಸೆಹಾಡು ಕಟ್ಟಿದ್ದಳು. ಅದು ಬಾಯಿಂದ ಬಾಯಿಗೆ ಹೋಗಿ, ಎಷ್ಟೋ ವರ್ಷದ ಮೇಲೆ ಯಾವುದೋ ಪುಸ್ತಕದಲ್ಲಿ ಅಚ್ಚಾಗಿ ಬಂತು. ಕೆಳಗೆ ‘ಸಾಂಪ್ರದಾಯಿಕ’ ಎಂದಿತ್ತು. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, “ಹಾಗಾದ್ರೆ ಸಂಪ್ರದಾಯ ಅಂದ್ರೆ ನಾನೇ ಏನೇ?” ಎಂದು ನಕ್ಕಳು. ‘ಗುಡ್‌ನೈಟ್ ಐರೀನ್’ ಎಂಬ ಅಮೆರಿಕದ ಹಾಡಿನ ಕಥೆ ಓದುವಾಗೆಲ್ಲ ನನಗೆ ಆ ನಗು ಕೇಳಿಸುತ್ತದೆ.

ಅದು ವಾಲ್ಟ್ಸ್ ಹಾಡು. ಮೂರು ಎಣಿಕೆಯ ನಡೆ, ತೊಟ್ಟಿಲು ತೂಗಿದ ಹಾಗೆ. ಆದರೆ ಒಳಗಿರುವುದು ಲಾಲಿಯಲ್ಲ. ಹೆಂಡತಿಯಿಂದ ದೂರವಾದವನೊಬ್ಬ ಹೊಳೆಗೆ ಹಾರಿಬಿಡಲೇ ಎಂದು ಯೋಚಿಸುತ್ತ ಐರೀನಳಿಗೆ ಶುಭರಾತ್ರಿ ಹೇಳುತ್ತಾನೆ. 1950ರಲ್ಲಿ ವೀವರ್ಸ್ ಎಂಬ ತಂಡ ಇದನ್ನು ನಯವಾಗಿಸಿ, ವಾದ್ಯವೃಂದದೊಂದಿಗೆ ಹಾಡಿತು. 13 ವಾರ ಅದು ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು.

ಅವರಿಗೆ ಹಾಡು ಸಿಕ್ಕಿದ್ದು ಲೆಡ್ ಬೆಲ್ಲಿ ಎಂದು ಹೆಸರಾದ ಹಡ್ಡಿ ಲೆಡ್‌ಬೆಟರ್‌ನಿಂದ. 1933ರಲ್ಲಿ ಜಾನಪದ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಮಗ ಆ್ಯಲನ್‌ನನ್ನು ಕಟ್ಟಿಕೊಂಡು, ಧ್ವನಿಮುದ್ರಣದ ಯಂತ್ರ ಹೊತ್ತು, ಲೂಯಿಸಿಯಾನದ ಅಂಗೋಲಾ ಸೆರೆಮನೆಗೆ ಹೋದಾಗ ಈ ಕಪ್ಪು ಕೈದಿ ಅದನ್ನು ಹಾಡಿದ್ದ. ಮರುವರ್ಷ ಅವನ ಬಿಡುಗಡೆಯಾಯಿತು. ಹಾಡು ಕೇಳಿ ಗವರ್ನರರ ಮನ ಕರಗಿತು ಎಂಬ ಕಥೆ ಹುಟ್ಟಿಕೊಂಡಿತು. ಕೇಳಲು ಚಂದ, ಆದರೆ ನಿಜವಲ್ಲ. ಒಳ್ಳೆಯ ನಡತೆಗೆ ಸಿಗುವ ಶಿಕ್ಷೆಯ ಕಡಿತದಿಂದ ಅವನು ಹೊರಬಂದದ್ದು. ಹಾಡಿ ಕ್ಷಮೆ ಪಡೆದದ್ದು ಅದಕ್ಕೂ ಮೊದಲು, 1925ರಲ್ಲಿ, ಟೆಕ್ಸಸ್‌ನಲ್ಲಿ. ಅದು ಬೇರೆ ಹಾಡು.

ಹಾಡಿನ ಹಕ್ಕಿನಲ್ಲಿ ಲೆಡ್‌ಬೆಟರ್ ಜೊತೆಗೆ ಲೋಮ್ಯಾಕ್ಸ್ ಹೆಸರೂ ಸೇರಿತು. ಬರೆದುಕೊಂಡವನಿಗೂ ಪಾಲು! ಲೆಡ್ ಬೆಲ್ಲಿಗಾದರೂ ಏನು ಸಿಕ್ಕಿತು? 1949ರ ಡಿಸೆಂಬರ್ 6ರಂದು ಅವನು ತೀರಿಕೊಂಡ. ದೇಶವೆಲ್ಲ ಐರೀನಳನ್ನು ಗುನುಗತೊಡಗಿದ್ದು ಕೆಲವೇ ತಿಂಗಳ ಮೇಲೆ.

ಆದರೆ ಲೆಡ್ ಬೆಲ್ಲಿಯೇ ಇದನ್ನು ಚಿಕ್ಕಪ್ಪನಿಂದ ಕಲಿತೆ ಎನ್ನುತ್ತಿದ್ದ. ಹಾಗಾದರೆ ಚಿಕ್ಕಪ್ಪನಿಗೆ ಎಲ್ಲಿಂದ ಬಂತು? ಹುಡುಕುತ್ತ ಹೋದವರಿಗೆ ಸಿಕ್ಕಿದ ಹೆಸರು ಗಸ್ಸಿ ಡೇವಿಸ್. 1886ರಲ್ಲೇ ಅವನು ‘ಐರೀನ್, ಗುಡ್ ನೈಟ್’ ಎಂಬ ಹಾಡನ್ನು ಅಚ್ಚು ಹಾಕಿಸಿದ್ದ. ಪಲ್ಲವಿಯಲ್ಲಿ ಎದ್ದು ಕಾಣುವ ಹೋಲಿಕೆ. ಉಳಿದ ನುಡಿಗಳು ಬೇರೆ, ಸ್ವರವೂ ಬದಲಾಗಿದೆ. ಆದ್ದರಿಂದಲೇ ಒಬ್ಬರು ಇದು ಡೇವಿಸ್‌ನದು ಎನ್ನುತ್ತಾರೆ, ಇನ್ನೊಬ್ಬರು ಲೆಡ್ ಬೆಲ್ಲಿಯದೇ ಎನ್ನುತ್ತಾರೆ.

ಡೇವಿಸ್ ಓಹಾಯೋದ ಕಪ್ಪು ಹುಡುಗ. ಸಂಗೀತ ಕಲಿಯಲು ಹೋದರೆ ಬಣ್ಣದ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿ, ಅದಕ್ಕೆ ಬದಲಾಗಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡ. 1896ರಲ್ಲಿ ಅವನು ಬರೆದ ಇನ್ನೊಂದು ಹಾಡು ಅಂದಿನ ಹೆಂಗಸರ ಸೆರಗು ಒದ್ದೆ ಮಾಡಿದ್ದಿರಬೇಕು. ರೈಲಿನಲ್ಲಿ ಮಗು ಅಳು ನಿಲ್ಲಿಸುವುದಿಲ್ಲ. ಮಿಕ್ಕವರು ತಾಯಿಯ ಹತ್ತಿರ ಕೊಡಯ್ಯ ಎಂದು ರೇಗುತ್ತಾರೆ. ತಾಯಿ ಮುಂದಿನ ಸಾಮಾನಿನ ಡಬ್ಬಿಯಲ್ಲಿ, ಶವಪೆಟ್ಟಿಗೆಯಲ್ಲಿದ್ದಾಳೆ! ಇಷ್ಟು ಬರೆಯಬಲ್ಲವನು 35ಕ್ಕೇ ತೀರಿಹೋದ, 1899ರಲ್ಲಿ.

ನನ್ನನ್ನು ಕೇಳಿದರೆ ಐರೀನಳನ್ನು ಹೆತ್ತವನು ಡೇವಿಸ್, ಸಾಕಿದವನು ಲೆಡ್ ಬೆಲ್ಲಿ. ಸಾಕಿದ ಋಣ ದೊಡ್ಡದು, ಒಪ್ಪುತ್ತೇನೆ; ಬಾಳು ಸವೆಸಿದ ದನಿಯಿಲ್ಲದಿದ್ದರೆ ಆ ಪಲ್ಲವಿ ಹಳೆಯ ಕಾಗದದಲ್ಲೇ ಉಳಿದುಬಿಡುತ್ತಿತ್ತು. ಆದರೆ ಹಕ್ಕಿನ ಸಾಲಿನಲ್ಲಿ ಯಂತ್ರ ಹೊತ್ತು ಬಂದವನಿಗೆ ಜಾಗವಾಯಿತು, ಕಸ ಗುಡಿಸಿ ಸಂಗೀತ ಕಲಿತವನಿಗೆ ಆಗಲಿಲ್ಲ.

ಅಜ್ಜಿಯ ಪುಸ್ತಕ ಈಗ ನನ್ನಲ್ಲಿದೆ. ‘ಸಾಂಪ್ರದಾಯಿಕ’ ಎಂಬುದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವಳ ಹೆಸರು ಬರೆದಿಟ್ಟಿದ್ದೇನೆ.