ವೆಸ್ಟ್ ಎಂಡ್ ಸಂಗೀತ ನಾಟಕ: ಟಿಕೆಟ್ ಕೊಳ್ಳುವ ಮುನ್ನ

ಲಂಡನ್ ಪ್ರವಾಸಕ್ಕೆ ಹೊರಡುವವರು ನೋಡಬಯಸುವ ತಾಣಗಳ ಪಟ್ಟಿಯಲ್ಲಿ ಗಡಿಯಾರದ ಗೋಪುರ, ಥೇಮ್ಸ್ ಸೇತುವೆ, ವಸ್ತುಸಂಗ್ರಹಾಲಯಗಳ ಜೊತೆಗೆ ವೆಸ್ಟ್ ಎಂಡ್‌ನ ಸಂಗೀತ ನಾಟಕವೂ ಇರುತ್ತದೆ. ‘ಮ್ಯೂಸಿಕಲ್’ ಎಂದು ಕರೆಯಲಾಗುವ ಈ ಪ್ರಕಾರದಲ್ಲಿ ಮಾತು, ಹಾಡು, ನೃತ್ಯ ಮೂರೂ ಸೇರಿ ಕಥೆಯನ್ನು ಮುನ್ನಡೆಸುತ್ತವೆ. ಹೆಚ್ಚಿನ ಪ್ರಯೋಗಗಳಲ್ಲಿ ರಂಗದ ಮುಂಭಾಗದ ತಗ್ಗಿನಲ್ಲಿ ಕುಳಿತ ವಾದ್ಯವೃಂದ ಪ್ರತಿದಿನವೂ ಅಲ್ಲಿಯೇ ಸಂಗೀತ ನುಡಿಸುತ್ತದೆ. ಕಂಪನಿ ನಾಟಕಗಳ ರಂಗಗೀತೆಗಳನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ತೀರಾ ಅಪರಿಚಿತವೆನಿಸದು. ಆದರೆ ‘ಒನ್ಸ್ ಮೋರ್’ ಎಂದು ಕೂಗಿದರೆ ಹಾಡನ್ನು ಮತ್ತೊಮ್ಮೆ ಹಾಡುವ ಪದ್ಧತಿ ಅಲ್ಲಿಲ್ಲ.

ವಿಷಯ ಇರುವುದು ಖರ್ಚಿನಲ್ಲಿ. ತಲಾ 60 ಪೌಂಡ್‌ನ ಸಾಧಾರಣ ಆಸನಗಳನ್ನು ಕೊಂಡರೂ ನಾಲ್ವರ ಕುಟುಂಬಕ್ಕೆ 240 ಪೌಂಡ್, ಅಂದರೆ 25 ಸಾವಿರ ರೂಪಾಯಿಗೂ ಹೆಚ್ಚು ವೆಚ್ಚವಾಗುತ್ತದೆ. ಒಮ್ಮೆ ಕೊಂಡ ಟಿಕೆಟ್‌ಗೆ ಸಾಮಾನ್ಯವಾಗಿ ಹಣ ವಾಪಸಿಲ್ಲ. ನಾಟಕದ ಹೆಸರನ್ನಷ್ಟೇ ನೋಡಿ, ಆಸನವನ್ನೂ ಹೊತ್ತನ್ನೂ ನೋಡದೆ ಹಣ ತೆತ್ತವರು ಪರಿತಪಿಸಿದ್ದೇ ಹೆಚ್ಚು.

ಯಾವ ನಾಟಕ, ಎಲ್ಲಿ?

ವೆಸ್ಟ್ ಎಂಡ್ ಎಂಬುದು ಒಂದು ರಂಗಮಂದಿರದ ಹೆಸರಲ್ಲ. ಶಾಫ್ಟ್ಸ್‌ಬರಿ ಅವೆನ್ಯೂ, ಲೆಸ್ಟರ್ ಚೌಕ, ಕಾವೆಂಟ್ ಗಾರ್ಡನ್, ಹೇಮಾರ್ಕೆಟ್, ಸ್ಟ್ರ್ಯಾಂಡ್ ಸುತ್ತಮುತ್ತ, ನಡೆದೇ ಸುತ್ತಬಹುದಾದ ಪ್ರದೇಶದಲ್ಲಿ ಹತ್ತಾರು ರಂಗಮಂದಿರಗಳಿವೆ. ಇವುಗಳಲ್ಲಿ ಅತ್ಯಂತ ದೀರ್ಘಕಾಲದಿಂದ ನಡೆಯುತ್ತಿರುವ ಸಂಗೀತ ನಾಟಕ ‘ಲೆ ಮಿಸರಾಬ್ಲ್’. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ಈ ನಾಟಕ 1985ರ ಅಕ್ಟೋಬರ್‌ನಲ್ಲಿ ಬಾರ್ಬಿಕನ್ ಕೇಂದ್ರದಲ್ಲಿ ಆರಂಭವಾದಾಗ ಹಲವು ವಿಮರ್ಶಕರು ಅದನ್ನು ಕಟುವಾಗಿ ಟೀಕಿಸಿದ್ದರು. ಪ್ರೇಕ್ಷಕರು ಮಾತ್ರ ಕೈಬಿಡಲಿಲ್ಲ. ಇಂದು ಅದು ಪ್ರದರ್ಶನಗೊಳ್ಳುವ ಸಾಂಡ್‌ಹೈಮ್ ರಂಗಮಂದಿರಕ್ಕೆ 2019ರವರೆಗೆ ಕ್ವೀನ್ಸ್ ಎಂಬ ಹೆಸರಿತ್ತು. ಹಳೆಯ ಪ್ರವಾಸ ಪುಸ್ತಕಗಳನ್ನು ನಂಬಿ ಹೋಗುವವರು ಇದನ್ನು ಗಮನಿಸಬೇಕು.

‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ 1986ರಿಂದ ಹೇಮಾರ್ಕೆಟ್‌ನ ಒಂದೇ ರಂಗಮಂದಿರದಲ್ಲಿ ನೆಲೆ ನಿಂತಿದೆ. ಸಾಂಕ್ರಾಮಿಕದ ಕಾರಣ 2020ರಲ್ಲಿ ನಿಂತು 2021ರ ಜುಲೈನಲ್ಲಿ ಪುನರಾರಂಭವಾಯಿತು. ನ್ಯೂಯಾರ್ಕ್‌ನಲ್ಲಿ ಇದೇ ನಾಟಕ 13,981 ಪ್ರದರ್ಶನಗಳ ನಂತರ 2023ರ ಏಪ್ರಿಲ್ 16ರಂದು ತೆರೆ ಎಳೆದುಕೊಂಡಿತು.

ಇಂಗ್ಲಿಷ್ ಸಾಹಿತ್ಯದ ಹಾಡುಗಳನ್ನು ಕಿವಿಯಿಂದಲೇ ಹಿಡಿಯುವುದು ಎಲ್ಲರಿಗೂ ಸುಲಭವಲ್ಲ. ಅಂಥವರಿಗೆ, ಮಕ್ಕಳೊಂದಿಗೆ ಹೋಗುವವರಿಗೆ 1999ರಿಂದ ಲೈಸಿಯಂ ರಂಗಮಂದಿರದಲ್ಲಿ ನಡೆಯುತ್ತಿರುವ ‘ದಿ ಲಯನ್ ಕಿಂಗ್’ ಅನುಕೂಲ. ಮುಖವಾಡ, ಬೊಂಬೆ, ನೆರಳುಗಳಿಂದ ಕಾಡು ಕಟ್ಟುವ ಪ್ರಯೋಗವದು. ಮಾತು ಅರ್ಥವಾಗದಿದ್ದರೂ ಕಣ್ಣಿಗೆ ನಷ್ಟವಿಲ್ಲ. ‘ಲೆ ಮಿಸರಾಬ್ಲ್’ ಹಾಗಲ್ಲ. ಅದರಲ್ಲಿ ಮಾತಿಗಿಂತ ಹಾಡೇ ಎಲ್ಲ. ಕಥಾಸಾರ ಓದಿಕೊಳ್ಳದೆ ಹೋದರೆ ಮೂರು ಗಂಟೆಗೆ ಸಮೀಪದ ಅವಧಿ ದೀರ್ಘವೆನಿಸೀತು.

ಭಾರತೀಯರಿಗೆ ಹತ್ತಿರವಾದ ‘ಬಾಂಬೆ ಡ್ರೀಮ್ಸ್’ 2002ರಲ್ಲಿ ಅಪೋಲೊ ವಿಕ್ಟೋರಿಯಾದಲ್ಲಿ ಆರಂಭಗೊಂಡು 2004ರಲ್ಲಿ ಮುಕ್ತಾಯವಾಯಿತು. ಎ.ಆರ್. ರೆಹಮಾನ್ ಸಂಗೀತದ ಆ ನಾಟಕದ ನಂತರ ಅದೇ ವೇದಿಕೆಗೆ 2006ರಲ್ಲಿ ‘ವಿಕೆಡ್’ ಬಂದಿತು.

ಟಿಕೆಟ್ ಎಲ್ಲಿ ಕೊಳ್ಳಬೇಕು?

ರಂಗಮಂದಿರದ ಸ್ವಂತ ಕೌಂಟರ್ ಅಥವಾ ನಾಟಕದ ಅಧಿಕೃತ ಜಾಲತಾಣವೇ ಮೊದಲ ಆಯ್ಕೆಯಾಗಿರಲಿ. ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಶುಕ್ರವಾರ, ಶನಿವಾರ ರಾತ್ರಿಗಿಂತ ವಾರದ ನಡುವಿನ ದಿನಗಳಲ್ಲಿ ಸಾಮಾನ್ಯವಾಗಿ ಅಗ್ಗ. ಲೆಸ್ಟರ್ ಚೌಕದ ಉದ್ಯಾನದ ಅಂಚಿನಲ್ಲಿ ‘ಟಿಕೆಟಿಎಸ್’ ಎಂಬ ಒಂಟಿ ಕಟ್ಟಡವಿದೆ. ಲಂಡನ್ ರಂಗಮಂದಿರಗಳ ಒಕ್ಕೂಟವೇ 1980ರಲ್ಲಿ ಆರಂಭಿಸಿದ ರಿಯಾಯಿತಿ ಮಳಿಗೆ ಇದು. ಅಂದಿನ ಹಾಗೂ ಮುಂದಿನ ಕೆಲವು ದಿನಗಳ ಉಳಿಕೆ ಟಿಕೆಟ್‌ಗಳು ಇಲ್ಲಿ ದೊರೆಯುತ್ತವೆ. ಆದರೆ ಅತಿ ಬೇಡಿಕೆಯ ನಾಟಕಗಳು ಇಲ್ಲಿಗೆ ಬರುವುದು ಅಪರೂಪ.

ಅದೇ ಚೌಕದ ಸುತ್ತ ಇಂಥದೇ ಫಲಕ ಹಾಕಿಕೊಂಡ ಬೇರೆ ಅಂಗಡಿಗಳೂ ಇರುತ್ತವೆ. 2018ರ ಜೂನ್‌ನಲ್ಲಿ ಈ ವರದಿಗಾರ ಅಂಥ ಒಂದು ಅಂಗಡಿಯ ‘ಅರ್ಧ ಬೆಲೆ’ ಫಲಕ ನಂಬಿ, ತನಗೂ ತಾಯಿಗೂ ಎರಡು ಟಿಕೆಟ್ ಕೊಂಡಿದ್ದುಂಟು. ಆಸನ ಮೇಲಿನ ಅಂತಸ್ತಿನಲ್ಲಿತ್ತು. ಲಿಫ್ಟ್ ಇರಲಿಲ್ಲ. ಮಂಡಿನೋವಿನ ತಾಯಿ ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿ ಕುಳಿತರೆ, ಎದುರಿಗೇ ಒಂದು ಕಬ್ಬಿಣದ ಕಂಬ. ಟಿಕೆಟ್‌ನ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ‘ನೋಟಕ್ಕೆ ಅಡಚಣೆ’ ಎಂದು ಬರೆದದ್ದನ್ನು ಓದಿದ್ದು ಆಗಲೇ. ವಿರಾಮದಲ್ಲಿ ಕೌಂಟರಿನಲ್ಲಿ ವಿಚಾರಿಸಿದಾಗ ಆ ಆಸನದ ನೈಜ ಬೆಲೆ ನಾವು ತೆತ್ತ ‘ಅರ್ಧ’ಕ್ಕಿಂತ ಕಡಿಮೆಯೇ ಇತ್ತು. ಹೊರಬರುವಾಗ ತಾಯಿ ಹೇಳಿದ್ದಿಷ್ಟೇ: ‘ಹಾಡು ಬಲು ಚೆನ್ನಾಗಿತ್ತು ಕಣೋ, ಹಾಡಿದವರು ಯಾರೆಂದು ಮಾತ್ರ ಕಾಣಲಿಲ್ಲ.’

ಆಸನದ ಲೆಕ್ಕಾಚಾರ

ಬಹುತೇಕ ಕಟ್ಟಡಗಳು 19ನೇ ಶತಮಾನದ ಕೊನೆಯ ಭಾಗ ಅಥವಾ 20ನೇ ಶತಮಾನದ ಆರಂಭಕ್ಕೆ ಸೇರಿದವು. ಕೆಳಗಿನ ಹಂತಕ್ಕೆ ‘ಸ್ಟಾಲ್ಸ್’, ಅದರ ಮೇಲಿನದಕ್ಕೆ ‘ಡ್ರೆಸ್ ಸರ್ಕಲ್’ ಅಥವಾ ‘ರಾಯಲ್ ಸರ್ಕಲ್’, ಅದಕ್ಕೂ ಮೇಲೆ ‘ಅಪ್ಪರ್ ಸರ್ಕಲ್’, ಎಲ್ಲಕ್ಕಿಂತ ಮೇಲೆ ‘ಬಾಲ್ಕನಿ’. ನಮ್ಮ ಚಿತ್ರಮಂದಿರಗಳಲ್ಲಿ ಬಾಲ್ಕನಿಗೆ ಹೆಚ್ಚು ಬೆಲೆ, ಗೌರವ. ಅಲ್ಲಿ ಬಾಲ್ಕನಿಯೇ ಅಗ್ಗ. ಕಡಿದಾದ ಇಳಿಜಾರು, ಇಕ್ಕಟ್ಟಾದ ಕಾಲಿಡುವ ಜಾಗ. ಹೆಸರು ಕಂಡು ಮೋಸಹೋಗಬಾರದು. ಸ್ಟಾಲ್ಸ್‌ನ ಹಿಂದಿನ ಸಾಲುಗಳಲ್ಲಿ ಮೇಲಂತಸ್ತಿನ ಚಾವಣಿ ರಂಗದ ಮೇಲ್ಭಾಗವನ್ನು ಮರೆಮಾಡುವುದುಂಟು. ಡ್ರೆಸ್ ಸರ್ಕಲ್‌ನ ಮೊದಲ ಸಾಲುಗಳ ನಡುವಿನ ಆಸನ ದುಬಾರಿಯಾದರೂ ನೃತ್ಯದ ವಿನ್ಯಾಸ ಪೂರ್ತಿ ಕಾಣುವುದು ಅಲ್ಲಿಂದಲೇ. ಪ್ರೇಕ್ಷಕರು ತಮ್ಮ ಆಸನದಿಂದ ತೆಗೆದ ಚಿತ್ರಗಳನ್ನು ಒದಗಿಸುವ ‘ಸೀಟ್‌ಪ್ಲ್ಯಾನ್’ ಜಾಲತಾಣವನ್ನು ನೋಡಿ ನಿರ್ಧರಿಸುವುದು ಲೇಸು. ಮಕ್ಕಳ ಮನೆಗೆಂದು ಹೋದ ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು ಮೆಟ್ಟಿಲುಗಳೆಷ್ಟು ಎಂಬುದನ್ನು ರಂಗಮಂದಿರಕ್ಕೆ ಕೇಳಿ ತಿಳಿಯಬೇಕು. ಕೇಳಿದರೆ ತಾಳ್ಮೆಯಿಂದ ಉತ್ತರಿಸುತ್ತಾರೆ.

ನಿದ್ದೆಯ ಸಮಸ್ಯೆ

ಬೆಂಗಳೂರಿನಿಂದ ಇಳಿದ ದಿನವೇ ರಾತ್ರಿ ಪ್ರದರ್ಶನಕ್ಕೆ ಟಿಕೆಟ್ ಕಾಯ್ದಿರಿಸುವುದು ಹಲವರು ಮಾಡುವ ತಪ್ಪು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ 7.30ಕ್ಕೆ ತೆರೆ ಏಳುವಾಗ ನಮ್ಮ ದೇಹಕ್ಕೆ ನಡುರಾತ್ರಿ 12. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೂ ಮೆತ್ತನೆಯ ಆಸನ, ಕತ್ತಲೆ, ಪ್ರಯಾಣದ ದಣಿವು ಮೂರೂ ಸೇರಿದರೆ ತಡೆಯಲಾಗದು. ಮಧ್ಯಾಹ್ನ 2.30ರ ಪ್ರದರ್ಶನವಾದರೆ ನಮ್ಮ ಲೆಕ್ಕದಲ್ಲಿ ಸಂಜೆ 7. ಊರಿನಲ್ಲಿ ನಾಟಕಕ್ಕೆ ಹೋಗುವ ಹೊತ್ತೇ. ಸಾಮಾನ್ಯವಾಗಿ ಬುಧವಾರ ಅಥವಾ ಗುರುವಾರ ಹಾಗೂ ಶನಿವಾರ ಇಂಥ ಪ್ರದರ್ಶನಗಳಿರುತ್ತವೆ. ಭಾನುವಾರ ಅನೇಕ ರಂಗಮಂದಿರಗಳಿಗೆ ಬಿಡುವು.

ನ್ಯೂಯಾರ್ಕ್‌ನ ಬ್ರಾಡ್‌ವೇಗೂ ಈ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ. ಬೆಲೆ ಮಾತ್ರ ಲಂಡನ್ನಿಗಿಂತ ಸಾಮಾನ್ಯವಾಗಿ ಜಾಸ್ತಿ. ಅಲ್ಲಿಯ ಟೈಮ್ಸ್ ಚೌಕದಲ್ಲಿ 1973ರಿಂದ ರಿಯಾಯಿತಿ ಮಳಿಗೆಯಿದೆ. ಲಂಡನ್ನಿನದು ಅದರ ನಂತರದ್ದು.

ಸೂಟು ಟೈ ಕಡ್ಡಾಯವೇ ಎಂದು ಕೇಳುವವರಿದ್ದಾರೆ. ಇಲ್ಲ. ಸೀರೆಯಾದರೂ ಸರಿ, ಜೀನ್ಸ್ ಆದರೂ ಸರಿ. ದೊಡ್ಡ ಚೀಲಗಳಿಗೆ ಪ್ರವೇಶವಿಲ್ಲದ ಕಾರಣ ವಿಮಾನ ನಿಲ್ದಾಣದಿಂದ ನೇರ ಹೋಗುವಂತಿಲ್ಲ. ತಡವಾಗಿ ಬಂದವರನ್ನು ದೃಶ್ಯ ಬದಲಾಗುವವರೆಗೆ ಹೊರಗೇ ನಿಲ್ಲಿಸುತ್ತಾರೆ. ಪ್ರದರ್ಶನದ ವೇಳೆ ಛಾಯಾಚಿತ್ರ ನಿಷಿದ್ಧ. ನಾಟಕದ ವಿವರ ಪುಸ್ತಿಕೆ ಬ್ರಾಡ್‌ವೇಯಲ್ಲಿ ಉಚಿತ, ಲಂಡನ್ನಿನಲ್ಲಿ ಹಣ ಕೊಟ್ಟು ಕೊಳ್ಳಬೇಕು. ವಿರಾಮದಲ್ಲಿ ಸಭಾಂಗಣದೊಳಗೇ ಪುಟ್ಟ ಡಬ್ಬಿಗಳಲ್ಲಿ ಐಸ್‌ಕ್ರೀಂ ಮಾರುತ್ತಾರೆ. ಚಮಚ ಎಲ್ಲಿದೆ ಎಂದು ಹುಡುಕಬೇಡಿ, ಹೆಚ್ಚಾಗಿ ಅದು ಮುಚ್ಚಳದೊಳಗೇ ಇರುತ್ತದೆ.