ಗುದ್ದಲಿಯಿಂದ ಮಿನಿ ಹಿಟಾಚಿವರೆಗೆ: ನಮ್ಮ ಕಡೆ ಮಣ್ಣು ಅಗೆದ ಕತೆ

ಮೊನ್ನೆ ಆಫೀಸಿನಲ್ಲಿ ಮೀಟಿಂಗ್ ನಡೆದಾಗ ಊರಿಂದ ಕಾಕಾನ ಫೋನು. "ತಮ್ಮಾ, ನೀ ಇಂಜಿನಿಯರ್ ಅದಿಯಲ್ಲ, ಒಂದ್ ಮಾತ್ ಹೇಳು. ಈ ಸಲ ಜೆಸಿಬಿ ಬ್ಯಾಡ. ಸಣ್ಣ ಹಿಟಾಚಿ ಬಂದಾವಂತ. ಎಷ್ಟ್ ಸಣ್ಣದು ತರಸ್ಲಿ?"

ನಾನು ಬರೆಯೋದು ಜಾವಾ ಕೋಡು. ಆದರೆ ಕಾಕಾನ ಲೆಕ್ಕದಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್, ಅಷ್ಟೇ :-) "ಸಂಜಿಗೆ ಹೇಳ್ತೀನ್ರಿ ಕಾಕಾ" ಅಂದೆ. ಸಂಜೆ ಹೋಗಿ ನಾಲ್ಕು ದಿನ ಆಯ್ತು. ಹುಡುಕುತ್ತಾ ಹೋದರೆ ಯಂತ್ರದ ಪ್ರಶ್ನೆ ಇತಿಹಾಸದ ಪ್ರಶ್ನೆಯಾಗಿ ಬಿಚ್ಚಿಕೊಂಡಿತು. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಹೋದ ವರ್ಷದ ಕತೆ ಹೇಳಿಬಿಡ್ತೀನಿ. ನಮ್ಮದು ಇಂಡಿ ತಾಲ್ಲೂಕು, ಎರಿ ಹೊಲ, ಅದರಲ್ಲಿ ನಿಂಬೆ ತೋಟ. ಡ್ರಿಪ್‌ಗೆ ಪೈಪ್ ಹಾಕಬೇಕಿತ್ತು. ಬೇಗ ಆಗುತ್ತೆ ಅಂತ ಜೆಸಿಬಿ ಕರೆಸಿದರು. ಕೆಲಸ ಬೇಗ ಆಯ್ತು ಕೂಡ. ಆದರೆ ಹನ್ನೊಂದು ಗಿಡದ ಬೇರು ಹರಿದವು. ತಿರುಗಿಸಿಕೊಳ್ಳೋಕೆ ಜಾಗ ಸಾಲದೆ ಗಾಡಿ ಬಾವಿಯ ಹತ್ತಿರ ಹೋಗಿತ್ತು, ಮುತ್ತಜ್ಜ ತೋಡಿಸಿದ ಬಾವಿಯ ಒಂದು ಮಗ್ಗುಲು ಕಲ್ಲು ಸಮೇತ ಒಳಗೆ ಕುಸಿಯಿತು. ಡ್ರೈವರ್‌ದು ತಪ್ಪಿಲ್ಲ. ಏಳೂವರೆ ಟನ್ನಿನ ಗಾಡಿಯನ್ನು ಅಲ್ಲಿಗೆ ಕರೆದವರು ನಾವು.

ಕಾಕಾನ ಪ್ರಶ್ನೆ ಸಣ್ಣದಲ್ಲ ಅಂತ ನನಗೆ ಅನ್ನಿಸಿದ್ದು ಆ ಬಾವಿಯಿಂದ.

ಬುಟ್ಟಿಯ ಅಳತೆ

ಯಂತ್ರ ಬರೋದಕ್ಕೆ ಮುಂಚೆ ಅಗೆಯುವ ಸಾಧನದ ಅಳತೆ ಅಂದರೆ ಮನುಷ್ಯನ ಮೈ. ಗುದ್ದಲಿ, ಹಾರೆ, ತಲೆ ಮೇಲೆ ಹೊರುವ ಬುಟ್ಟಿ. ಇಂಡಿಯಿಂದ ಭೀಮಾ ನದಿ ದಾಟಿದರೆ ಸೊಲ್ಲಾಪುರ. ಅಲ್ಲಿ 12ನೇ ಶತಮಾನದಲ್ಲಿ ಸಿದ್ಧರಾಮರು ಕೆರೆ ತೋಡಿಸಿದರು. ಕಾಯಕ ಅಂದರೆ ಕೆರೆ ಕಟ್ಟೋದೂ ಹೌದು ಅಂತ ತೋರಿಸಿದವರು. ತಲೆತಲಾಂತರದಿಂದ ಮಣ್ಣು ಅಗೆದು ಕಲ್ಲು ಒಡೆದ ಭೋವಿ ಸಮುದಾಯ ಅವರನ್ನು ಗುರು ಅಂತ ನಂಬುತ್ತೆ. ನಮ್ಮ ಸೀಮೆಯ ಎಷ್ಟೋ ಬಾವಿ, ಒಡ್ಡು, ಕೆರೆ ಏರಿಗಳ ಮೇಲೆ ಯಾರ ಹೆಸರೂ ಕೆತ್ತಿಲ್ಲ. ಕೆತ್ತಿದ್ದರೆ ಇವರ ಹೆಸರು ಇರಬೇಕಿತ್ತು.

ಆದಿಲ್‌ಶಾಹಿ ಕಾಲಕ್ಕೆ ಬಂದರೆ ಬಿಜಾಪುರದಲ್ಲಿ ಅಗೆತ ಒಂದು ವಿದ್ಯೆಯೇ ಆಗಿತ್ತು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದೇ ಇರೋದು ಸುರಂಗ ಬಾವಿ, ಅಂದರೆ ಕರೇಜ್. ಪರ್ಷಿಯಾದಿಂದ ಬಂದ ಈ ವಿದ್ಯೆಯಲ್ಲಿ ನೆಲದಡಿ ಸುರಂಗ ಕೊರೆದು ತೊರವಿ ಕಡೆಯ ನೀರನ್ನು ಊರಿಗೆ ಹರಿಸಿದರು. ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಆ ಕಿಂಡಿಯಿಂದ ಗಾಳಿ ಒಳಗೆ ಹೋಗಬೇಕು, ಮಣ್ಣು ಹೊರಗೆ ಬರಬೇಕು, ಮುಂದೆ ಹೂಳು ತೆಗೆಯೋಕೆ ಒಬ್ಬ ಮನುಷ್ಯ ಇಳಿಯಬೇಕು.

ಅವರು ಕೇಳಿಕೊಂಡದ್ದು "ಎಷ್ಟು ಮಣ್ಣು ತೆಗೀಬಹುದು" ಅಂತ ಮಾತ್ರ ಅಲ್ಲ. "ಒಳಗೆ ಯಾರು ಹೋಗಬೇಕು, ಹೇಗೆ ವಾಪಸ್ ಬರಬೇಕು" ಅಂತಲೂ ಕೇಳಿಕೊಂಡಿದ್ದಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಬರಗಾಲದ ಗುದ್ದಲಿ

ಮುಂದಿನ ಅಧ್ಯಾಯ ಓದೋಕೆ ಕಷ್ಟ ಆಯ್ತು. 1876-78ರ ಬರ. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಅಂತ ಹೆಸರು (ಬಿಜಾಪುರ ಜಿಲ್ಲಾ ಕೇಂದ್ರ ಆಗಿದ್ದು 1885ರಲ್ಲಿ). ಮುಂಬೈ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಇದೂ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು.

ಹಸಿದವರಿಗೆ ಸರ್ಕಾರ ಕೊಟ್ಟದ್ದು ಮಣ್ಣು ಅಗೆಯುವ ಕೆಲಸ. ಕೆರೆ, ರಸ್ತೆ. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯ ಸಲಹೆಯಂತೆ ಕೂಲಿ ಇಳಿಸಿದರು. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೆ ಒಂದು ಆಣೆ. ಅದರಲ್ಲಿ ಗುದ್ದಲಿ ಎತ್ತೋದು ಹೇಗೆ? ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ನಡೆದರು. ಹಸಿದವರ ಮುಷ್ಕರ! ಊರ ಹತ್ತಿರದ ಸಣ್ಣ ಕಾಮಗಾರಿ ಒಳ್ಳೇದೋ, ದೂರದ ದೊಡ್ಡ ಕಾಮಗಾರಿ ಒಳ್ಳೇದೋ ಅಂತ ಆಗಲೇ ಅಧಿಕಾರಿಗಳ ನಡುವೆ ದೊಡ್ಡ ವಾದ ನಡೆದಿತ್ತು. ಗಾತ್ರದ ಪ್ರಶ್ನೆ ಅವತ್ತೂ ಇತ್ತು. ತಪ್ಪಿದ್ದಕ್ಕೆ ತೆತ್ತ ಬೆಲೆ ಮಾತ್ರ ಬೇರೆ.

ಆ ಬರದ ನಂತರ, 1882ರಲ್ಲಿ, ಬರ ತಡೆಯುವ ಲೆಕ್ಕದಲ್ಲೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಗದಗ-ಹೊಟಗಿ ದಾರಿ ಬಂತು. ಇವತ್ತಿಗೂ ಆ ದಾರಿಯಲ್ಲಿ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಅಂತ ಸ್ಟೇಷನ್ನುಗಳಿವೆ.

ಉಗಿಯಿಂದ ಎಣ್ಣೆಗೆ

ಇದಕ್ಕೆ ಮೊದಲೇ, 1839ರಲ್ಲಿ, ಅಮೆರಿಕದ ವಿಲಿಯಂ ಓಟಿಸ್ ಉಗಿ ಸಲಿಕೆಗೆ ಪೇಟೆಂಟ್ ತಗೊಂಡಿದ್ದ. ಆದರೆ ಅದು ಹಳಿ ಮೇಲೆ ಓಡಾಡುವ ದೈತ್ಯ. ನಿಜವಾದ ಬದಲಾವಣೆ ಬಂದದ್ದು ಎಣ್ಣೆಯ ಒತ್ತಡದಿಂದ ತೋಳು ಆಡಿಸುವ ಹೈಡ್ರಾಲಿಕ್ ವಿದ್ಯೆಯಿಂದ. ಫ್ರಾನ್ಸಿನ ಪೊಕ್ಲೇನ್ ಕಂಪನಿ 1951ರಲ್ಲಿ ಹೈಡ್ರಾಲಿಕ್ ಯಂತ್ರ ಮಾಡಿತು, 1961ರಲ್ಲಿ ಪೂರ್ತಿ ಸುತ್ತು ತಿರುಗುವ ಮಾಡೆಲ್ ತಂದಿತು. 1970ರ ದಶಕದಲ್ಲಿ ಎಲ್ ಅಂಡ್ ಟಿ ಅದೇ ತಂತ್ರಜ್ಞಾನದಿಂದ ಬೆಂಗಳೂರಿನಲ್ಲಿ ಯಂತ್ರ ತಯಾರಿಸಿತು. ನಮ್ಮ ಕಡೆ ಚೈನ್ ಇರೋ ಯಾವ ಯಂತ್ರಕ್ಕಾದರೂ 'ಪೊಕ್ಲೇನ್' ಅನ್ನೋದು ಅಲ್ಲಿಂದ ಬಂತು. ಆಮೇಲೆ ಬಂದವರಿಗೆ ಅದು 'ಹಿಟಾಚಿ'. ಆ ಹೆಸರಿನ ಕಾರ್ಖಾನೆ ಧಾರವಾಡದಲ್ಲೇ ಇದೆ. ಇನ್ನು ಜೆಸಿಬಿ ಅನ್ನೋದು ಒಬ್ಬ ಮನುಷ್ಯನ ಹೆಸರು! ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದ. 1979ರಲ್ಲಿ ಅದು ಹರಿಯಾಣದ ಬಲ್ಲಭಗಢಕ್ಕೆ ಬಂತು.

1964ರ ಮೇ ತಿಂಗಳು ನಮ್ಮ ಮಟ್ಟಿಗೆ ವಿಶೇಷ. ಮೇ 22ರಂದು ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಅದೇ ತಿಂಗಳು ಬೆಂಗಳೂರಿನಲ್ಲಿ ಮಣ್ಣು ಅಗೆಯುವ ಯಂತ್ರಗಳ ಸರ್ಕಾರಿ ಕಂಪನಿ ಬಿಇಎಂಎಲ್ ಸ್ಥಾಪನೆ ಆಯ್ತು. ಅಡಿಗಲ್ಲು ಹಾಕಿದ ಅಣೆಕಟ್ಟನ್ನು ರಾಷ್ಟ್ರಪತಿ ಕಲಾಂ ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ಕ್ಕೆ. ನಲವತ್ತೆರಡು ವರ್ಷ!

ಇಷ್ಟು ಹೊತ್ತಿಗೆ ದೊಡ್ಡದೇ ಒಳ್ಳೇದು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಅಣೆಕಟ್ಟಿಗೆ ದೊಡ್ಡದು ಸರಿ. ನಿಂಬೆ ತೋಟಕ್ಕೆ?

ಈ ಪ್ರಶ್ನೆ ಮೊದಲು ಎದ್ದದ್ದು ಜಪಾನಿನಲ್ಲಿ. ಅಲ್ಲಿ ಮನೆ ಜಾಗ ಇಕ್ಕಟ್ಟು, ಓಣಿ ಇಕ್ಕಟ್ಟು. ಯಾನ್ಮಾರ್ 1968ರಲ್ಲಿ, ಟಾಕೆಯುಚಿ 1971ರಲ್ಲಿ ಮಿನಿ ಯಂತ್ರ ತಂದವು (ಮೊದಲು ನಾನು, ಮೊದಲು ನಾನು ಅಂತ ಇಬ್ಬರೂ ಹೇಳ್ತಾರೆ). 1993ರಲ್ಲಿ ಯಾನ್ಮಾರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿರುಗುವಾಗ ಹಿಂಭಾಗ ಚೈನಿನ ಅಗಲ ಮೀರಿ ಹೊರಗೆ ಚಾಚದ ಮಾಡೆಲ್ ತಂದಿತು. ಗೋಡೆಗೆ ಅಂಟಿಕೊಂಡು ನಿಂತರೂ ಹಿಂದೆ ತಾಗೋದಿಲ್ಲ.

ಈಗ ಕಾಕಾನ ಲೆಕ್ಕ

ತೋಟಕ್ಕೆ 300 ಮೀಟರ್ ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕಾಲುವೆ ಬೇಕು. 81 ಘನ ಮೀಟರ್ ಮಣ್ಣು. 1.7 ಟನ್ ಮಿನಿಯ ಬಕೆಟ್ಟಿನಲ್ಲಿ ಸುಮಾರು 0.04 ಘನ ಮೀಟರ್ ಹಿಡಿಯುತ್ತೆ ಅಂದರೆ ಎರಡು ಸಾವಿರ ಬಕೆಟ್. ಒಂದಕ್ಕೆ 20 ಸೆಕೆಂಡ್ ಹಿಡಿದರೆ ಹನ್ನೊಂದು ಗಂಟೆ ಚಿಲ್ಲರೆ. ಎರಡು ದಿನ ಅನ್ನಿ. ಜೆಸಿಬಿಗೆ ಅರ್ಧ ದಿನವೂ ಬೇಡ. ಆದರೆ ಜೆಸಿಬಿ ಅಗಲ ಸುಮಾರು ಎರಡೂಕಾಲು ಮೀಟರ್. ಆರು ಮೀಟರ್ ಅಂತರದ ಸಾಲಿನಲ್ಲಿ ಬೆಳೆದ ಗಿಡಗಳ ಕೊಂಬೆ ಬಿಟ್ಟು ಉಳಿಯೋ ಜಾಗ ಎರಡು ಮೀಟರ್. 1.7 ಟನ್ನಿನ ಮಿನಿ ಒಂದು ಮೀಟರಿನಿಂದ ಒಂದೂಕಾಲು ಮೀಟರ್ ಅಗಲ. ಅದರ ರಬ್ಬರ್ ಚೈನು ನೆಲದ ಮೇಲೆ ಹಾಕುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 0.3 ಕಿಲೋ, ಒಬ್ಬ ಮನುಷ್ಯ ನಿಂತಷ್ಟೇ. ಎರಿ ಮಣ್ಣು ಗಟ್ಟಿ ಹೊಡೆಯೋದಿಲ್ಲ.

ಹಾಗಂತ ಎಲ್ಲಕ್ಕೂ ಮಿನಿ ಅಲ್ಲ. ಸಿಂದಗಿಯಲ್ಲಿ ಒಬ್ಬರು 21×21 ಮೀಟರ್, 3 ಮೀಟರ್ ಆಳದ ಕೃಷಿಹೊಂಡ ತೋಡಿಸ್ತಾರೆ ಅಂತಿಟ್ಟುಕೊಳ್ಳಿ. ಬದಿ ಇಳಿಜಾರು ಬಿಟ್ಟರೆ ಸುಮಾರು 980 ಘನ ಮೀಟರ್. 1.7 ಟನ್ ಮಿನಿಗೆ ಇಪ್ಪತ್ತನಾಲ್ಕು ಸಾವಿರಕ್ಕೂ ಮೀರಿ ಬಕೆಟ್, ಹದಿನೇಳು ದಿನ! 20 ಟನ್ನಿನ ಪೊಕ್ಲೇನ್‌ಗೆ ಒಂದು ದಿನದ ಕೆಲಸ. ಅಲ್ಲಿ ಸಣ್ಣದು ತರಿಸೋದು ದಡ್ಡತನ. ಮುದ್ದೇಬಿಹಾಳದ ಕಡೆ ಹೊಲಗಾಲುವೆ ಹೂಳು ತೆಗೆಯೋಕೆ 3ರಿಂದ 5 ಟನ್ನಿನದು ಸಾಕು. ಅವುಗಳ ಅಗಲ ಒಂದೂವರೆಯಿಂದ ಎರಡು ಮೀಟರ್, ಅಗೆಯುವ ಆಳ ಸುಮಾರು ಮೂರರಿಂದ ಮೂರೂವರೆ ಮೀಟರ್. ಬಸವನ ಬಾಗೇವಾಡಿಯಂಥ ಹಳೇ ಊರಿನ ಓಣಿಯಲ್ಲಿ ಪಾಯ ತೆಗೆಯೋದಾದರೆ ಮೊದಲು ಓಣಿಯ ಅತೀ ಇಕ್ಕಟ್ಟಾದ ತಿರುವು ಟೇಪ್ ಹಿಡಿದು ಅಳೀರಿ. ಆಮೇಲೆ ಯಂತ್ರದ ಮಾತು. ಎರಿ ಕೆಳಗೆ ಗರಸು, ಅದರ ಕೆಳಗೆ ಕರಿಗಲ್ಲು. ಕಲ್ಲು ಸಿಕ್ಕರೆ ಮಿನಿಯ ಹಲ್ಲು ಕೆಲಸ ಮಾಡೋದಿಲ್ಲ, ಬ್ರೇಕರ್ ಬೇಕು.

ಅಗೆಯುವ ಮಣ್ಣಿನ ಲೆಕ್ಕ ಮೊದಲು ಹಾಕ್ತೀವಿ, ಅದು ಸುಲಭ. ಒಳಗೆ ಹೇಗೆ ಹೋಗೋದು, ಹೇಗೆ ತಿರುಗೋದು, ಅಕ್ಕಪಕ್ಕ ಏನು ಮುರೀಬಾರದು, ಈ ಲೆಕ್ಕ ಆಮೇಲೆ ಹಾಕ್ತೀವಿ, ಇಲ್ಲಾ ಹಾಕೋದೇ ಇಲ್ಲ. ಕರೇಜ್ ತೋಡಿದವರು ಇದನ್ನು ಮೊದಲು ಹಾಕಿದ್ದರು.

ನಿನ್ನೆ ಕಾಕಾಗೆ ಫೋನ್ ಮಾಡಿ ಹೇಳಿದೆ. "ತೋಟಕ್ಕ 1.7 ಟನ್ನಿಂದು ತರಸ್ರಿ, ಎರಡ್ ದಿನ ಹಿಡೀತದ. ಬಾವಿ ಹತ್ರ ಮಾತ್ರ ಅದನ್ನೂ ಬಿಡಬ್ಯಾಡ್ರಿ. ಬಾವಿ ಎಷ್ಟ್ ಆಳ ಅದನೋ ಅಷ್ಟ್ ದೂರ ನಿಲ್ಲಸ್ರಿ."

"ಮತ್ತ ಬಾವ್ಯಾಗ ಬಿದ್ದ ಮಣ್ಣು?"

ಮಿನಿಯ ತೋಳು ಇಳಿಯೋದು ಎರಡು ಮೀಟರ್ ಚಿಲ್ಲರೆ. ಬಾವಿ ನಲವತ್ತು ಅಡಿ.

"ಅದಕ್ಕ ಆಳೇ ಬೇಕ್ರಿ ಕಾಕಾ. ಮೊದಲ ಬದಿಗೆ ಆಸರ ಕೊಡಸ್ರಿ, ಆಮ್ಯಾಲ ಗುದ್ದಲಿ, ಬುಟ್ಟಿ, ಮ್ಯಾಲ ಎತ್ತಾಕ ಒಂದ್ ಸಣ್ಣ ಕ್ರೇನ್."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಮ್ಮ ಮುತ್ಯಾನೂ ಹಂಗ ತಗಸಿದ್ದ" ಅಂದ.

ನಿಮ್ಮ ಊರ ಕಡೆ ಬಾವಿ ಹೂಳು ಹೇಗೆ ತೆಗೀತಾರೆ? ಗೊತ್ತಿದ್ದವರು ಹೇಳಿ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು.